ಉಳಿದ ಅರ್ಧ

‘ಅರೆ’ ಎಂಬುದು ಎರಡೇ ಅಕ್ಷರದ ಮಾತು. ಆದರೆ ಅದು ಮುಚ್ಚಿಡುವ ಗುಟ್ಟು ದೊಡ್ಡದು. ಅರೆನಿದ್ದೆ, ಅರೆಹೊಟ್ಟೆ, ಅರೆಮನಸ್ಸು ಎಂದಾಗ ಉಳಿದ ಅರ್ಧ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಇಲ್ಲದ್ದು ಇಲ್ಲವೆಂದು ಸುಮ್ಮನಾಗುತ್ತಾರೆ. ಆದರೆ ಯಂತ್ರವೊಂದನ್ನು ಅರೆ-ಸ್ವಯಂಚಾಲಿತವೆಂದು ಕರೆದಾಗ ಆ ಪ್ರಶ್ನೆಯನ್ನು ಕೇಳದೆ ಬಿಡುವುದು ಕ್ಷೇಮವಲ್ಲ. ಯಂತ್ರವು ತಾನಾಗಿ ಮಾಡುವ ಅರ್ಧ ಯಾವುದು? ಅದು ಮಾಡದೆ ಬಿಟ್ಟ ಅರ್ಧ ಯಾರ ಪಾಲಿಗೆ ಬಂದಿತು?

ಅಮೆರಿಕದ ಪಿಟ್ಸ್‌ಬರ್ಗ್ ನಗರದಿಂದ ಓಹಿಯೊ ನದಿಯ ಗುಂಟ ಕೆಳಕ್ಕೆ ಇಳಿದರೆ ಸಿಗುವ ಒಂದು ಸಣ್ಣ ಊರಿನಲ್ಲಿ, ವೃದ್ಧನೊಬ್ಬನಿಗೆ ಈ ಪ್ರಶ್ನೆ ಎದುರಾದದ್ದು ಎಪ್ಪತ್ತರ ಅಂಚಿನಲ್ಲಿ. ಆತ ಲೋಹದ ಅಚ್ಚುಗಳನ್ನೂ ಅಳತೆಯ ಸಲಕರಣೆಗಳನ್ನೂ ಮಾಡುವ ಕುಶಲ ಕೆಲಸಗಾರನಾಗಿದ್ದವನು. 1980ರ ದಶಕದಲ್ಲಿ ಆ ಕಣಿವೆಯ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದಾಗ, ಒಂದು ಚಿಕ್ಕ ಯಂತ್ರಶಾಲೆಯನ್ನು ಸೇರಿ ನಿವೃತ್ತಿಯವರೆಗೂ ಅಲ್ಲಿಯೇ ದುಡಿದನು. ಕೂದಲೆಳೆಗಿಂತ ಕಿರಿದಾದ ಏರುತಗ್ಗನ್ನು ಬೆರಳ ತುದಿಯಿಂದ ಸವರಿಯೇ ಹೇಳಬಲ್ಲವನೆಂದು ಜೊತೆಗಾರರಲ್ಲಿ ಅವನಿಗೆ ಹೆಸರಿತ್ತು.

ನಿವೃತ್ತಿಯಾದ ಕೆಲವು ವರ್ಷಗಳಲ್ಲಿಯೇ ಆ ಬೆರಳುಗಳು ಮರಗಟ್ಟತೊಡಗಿದವು. ನೋವಿಲ್ಲ, ನಡುಕವಿಲ್ಲ, ಕಣ್ಣು ಚೆನ್ನಾಗಿಯೇ ಇತ್ತು. ತುದಿಬೆರಳುಗಳು ಮಾತ್ರ ಮೂಕವಾಗಿದ್ದವು. ನರಗಳು ಸೋತಿವೆ, ಹೋದ ಸ್ಪರ್ಶ ಮರಳಿ ಬರುವ ಭರವಸೆಯಿಲ್ಲ ಎಂದರು ವೈದ್ಯರು. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಕನ್ನಡಿಯಲ್ಲಿ ನೋಡಿಕೊಳ್ಳಬೇಕಾಯಿತು. ಅದನ್ನಾದರೂ ಆತ ಸಹಿಸಿದನು. ಸಹಿಸಲಾರದ್ದು ಇನ್ನೊಂದಿತ್ತು.

ಎಳೆಯ ವಯಸ್ಸಿನಿಂದಲೂ ಆತನಿಗಿದ್ದ ವಿನೋದ ಒಂದೇ: ಗಾಳಿಕೋವಿಯಿಂದ ಕಾಗದದ ಗುರಿಗೆ ಹೊಡೆಯುವುದು. ಹಕ್ಕಿಗಾಗಲಿ ಅಳಿಲಿಗಾಗಲಿ ಆತ ಗುರಿಯಿಟ್ಟವನಲ್ಲ. ಹಳೆಯ ಕೋವಿಗೆ ಪ್ರತಿಸಲವೂ ಮೆಣಸುಕಾಳಿನಷ್ಟೇ ಇರುವ ಸೀಸದ ಗುಂಡೊಂದನ್ನು ಬೆರಳಿನಿಂದ ನಳಿಗೆಯ ಬಾಯಿಗೆ ಇಡಬೇಕು. ಈಗ ಹತ್ತರಲ್ಲಿ ನಾಲ್ಕು ಕೈಜಾರಿ ಹುಲ್ಲಿನಲ್ಲಿ ಬೀಳುತ್ತಿದ್ದವು. ಇದನ್ನು ಕಂಡ ಮಗಳು ಅವನ ಹುಟ್ಟುಹಬ್ಬಕ್ಕೆ ಒಂದು ಅರೆ-ಸ್ವಯಂಚಾಲಿತ ಗಾಳಿಕೋವಿಯನ್ನು ತಂದುಕೊಟ್ಟಳು. ಹತ್ತು ಗುಂಡುಗಳನ್ನು ಒಮ್ಮೆ ಚಕ್ರದಲ್ಲಿ ತುಂಬಿದರೆ ಮುಗಿಯಿತು. ಕುದುರೆಯನ್ನು ಎಳೆದಾಗಲೆಲ್ಲ ಒತ್ತಿಟ್ಟ ಗಾಳಿಯ ಒಂದು ಗುಟುಕು ಗುಂಡನ್ನು ಹೊರಕ್ಕೆ ತಳ್ಳುತ್ತದೆ. ಅದೇ ಗಾಳಿಯ ಒಂದು ಪಾಲು ಬೋಲ್ಟನ್ನು ಹಿಂದಕ್ಕೆ ಸರಿಸುತ್ತದೆ. ಚಕ್ರವು ಒಂದು ಮನೆ ತಿರುಗುತ್ತದೆ. ಸ್ಪ್ರಿಂಗು ಬೋಲ್ಟನ್ನು ಮುಂದೊತ್ತಿ ಮುಂದಿನ ಗುಂಡನ್ನು ನಳಿಗೆಗೆ ಸೇರಿಸುತ್ತದೆ. ಇಷ್ಟೆಲ್ಲವೂ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ. ಬೆರಳಿನ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ವೃದ್ಧನು ಮಗುವಿನಂತೆ ಹಿಗ್ಗಿದನು.

*

ಅಂಗಡಿಯಲ್ಲಿ ಸಿಗುವ ಗುಂಡು ಡಮರುವಿನ ಆಕಾರದ್ದು. ಸೊಂಟ ಸಣ್ಣ, ಹಿಂಬದಿ ಪೊಳ್ಳು. ಅದರ ತೆಳುವಾದ ಅಂಚು ಗಾಳಿಯ ಒತ್ತಡಕ್ಕೆ ಅರಳಿ ನಳಿಗೆಗೆ ತಾನೇ ಹೊಂದಿಕೊಳ್ಳುತ್ತದೆ. ಆದರೆ ದೂರ ಹೋದಂತೆ ಗಾಳಿಯ ತಡೆಗೆ ಬೇಗನೆ ಸೋಲುತ್ತದೆ. ಗಟ್ಟಿಯಾದ, ತುಸು ಉದ್ದನೆಯ ಗುಂಡಾದರೆ ವೇಗವನ್ನು ಹೆಚ್ಚು ದೂರದವರೆಗೆ ಉಳಿಸಿಕೊಳ್ಳುತ್ತದೆ. ಆದರೆ ಅದಕ್ಕೆ ಅರಳುವ ಗುಣವಿಲ್ಲ. ತನ್ನ ನಳಿಗೆಗೆ ಸರಿಯಾಗಿ ಹೊಂದುವ ಅಳತೆಯಲ್ಲಿಯೇ ಅದು ಹುಟ್ಟಬೇಕು. ಬದುಕಿನುದ್ದಕ್ಕೂ ಅಚ್ಚು ಕೊರೆದವನಿಗೆ ಇಂಥ ಸವಾಲು ಸಾಕಾಯಿತು. ತನ್ನ ಕೋವಿಗೆ ತಾನೇ ಗುಂಡು ಎರೆಯುವೆನೆಂದು ಆತ ನಿಶ್ಚಯಿಸಿದನು.

ಹಿತ್ತಲ ಕೊಟ್ಟಿಗೆಯಲ್ಲಿ ಒಲೆ ಹೂಡಿದ್ದಾಯಿತು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ. ಅಚ್ಚಿನ ಮೂಲೆಮೂಲೆಗೆ ಹರಿಯಬೇಕಾದರೆ ಇನ್ನೂ ಹೆಚ್ಚಿನ ಬಿಸಿ ಬೇಕು. ಪಾತ್ರೆಗಳಿಗೆ ಕಲಾಯಿ ಹಾಕುವ ತವರವನ್ನೇ ಚಿಟಿಕೆಯಷ್ಟು ಬೆರೆಸಿದರೆ ಎರಕ ಸಲೀಸಾಗಿ ಇಳಿಯುತ್ತದೆ. ಮೇಲೆ ತೇಲುವ ಕಿಟ್ಟವನ್ನು ತೆಗೆದು, ಸೌಟಿನಿಂದ ಬೆಳ್ಳಿಯಂತೆ ಹೊಳೆಯುವ ದ್ರವವನ್ನು ಅಚ್ಚಿನ ಕಂಡಿಗೆ ಸುರಿಯಬೇಕು. ಹೆಪ್ಪುಗಟ್ಟಿದ ಕೂಡಲೇ ಮೇಲುತಟ್ಟೆಯನ್ನು ಸರಿಸಿ ಹೆಚ್ಚಿನ ಸೀಸವನ್ನು ಕತ್ತರಿಸಬೇಕು. ಅಚ್ಚು ಬಿಡಿಸಿ ಗುಂಡನ್ನು ಬಟ್ಟೆಯ ಮೇಲೆ ಉದುರಿಸಬೇಕು. ಕಾವು ಹತ್ತದ ಕಾವಲಿಯ ಮೇಲೆ ಹುಯ್ದ ಮೊದಲ ದೋಸೆಯಂತೆ, ತಣ್ಣನೆಯ ಅಚ್ಚಿನಿಂದ ಬಂದ ಮೊದಮೊದಲ ಗುಂಡುಗಳು ಸುಕ್ಕುಗಟ್ಟಿ ಹುಟ್ಟುತ್ತವೆ. ಅವುಗಳನ್ನು ಮರಳಿ ಮೂಸೆಗೆ ಹಾಕುವುದೇ ಸರಿ. ಸೀಸ ಮುನಿಸಿಕೊಳ್ಳದ ಲೋಹ, ಎಷ್ಟು ಸಲವಾದರೂ ಕರಗಿ ಹೊಸ ಜನ್ಮವೆತ್ತುತ್ತದೆ.

ಆದರೆ ಅದು ನಿರಪಾಯಿಯಲ್ಲ. ಕುದಿಸೀಸದೊಳಗೆ ಒಂದು ಹನಿ ನೀರು ಸಿಕ್ಕಿಕೊಂಡರೆ ಅದು ಕ್ಷಣಾರ್ಧದಲ್ಲಿ ಆವಿಯಾಗಿ ಹಿಗ್ಗಿ ಲೋಹವನ್ನು ಮುಖಕ್ಕೆ ಎರಚುತ್ತದೆ. ಇದಕ್ಕಿಂತ ಮೌನವಾದ ಅಪಾಯ ಅದರ ಧೂಳು. ಅದು ಬೆರಳಿನಿಂದ ಬಾಯಿಗೆ, ಬಾಯಿಯಿಂದ ರಕ್ತಕ್ಕೆ ಸೇರುತ್ತದೆ. ಬೆಳೆಯುವ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಬಾಧಕವಿಲ್ಲ ಎಂಬ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೃದ್ಧನಿಗೆ ಇದು ಗೊತ್ತಿತ್ತು. ಅದಕ್ಕೆಂದೇ ಆತ ಕನ್ನಡಕ, ಕೈಚೀಲ, ಗಾಳಿಯನ್ನು ಹೊರಕ್ಕೆಳೆಯುವ ಪಂಖಗಳನ್ನು ಸಿದ್ಧಮಾಡಿಕೊಂಡನು. ಕೊಟ್ಟಿಗೆಯ ಉಡುಪು ಮನೆಯೊಳಗೆ ಬಾರದಂತೆ ನೋಡಿಕೊಂಡನು. ಹೊಸ್ತಿಲಾಚೆ ಸೀಮೆಸುಣ್ಣದಿಂದ ಅಗಲವಾದ ಗೆರೆಯೊಂದನ್ನು ಎಳೆದನು. ರಜೆಯ ದಿನಗಳಲ್ಲಿ ಬರುವ ಒಂಬತ್ತು ವರ್ಷದ ಮೊಮ್ಮಗಳಿಗೆ ಅದು ಲಕ್ಷ್ಮಣರೇಖೆ. ಅವಳು ಗೆರೆಯಾಚೆ ಸ್ಟೂಲಿನ ಮೇಲೆ ಕುಳಿತು ಸಾವಿರ ಪ್ರಶ್ನೆ ಕೇಳುವಳು, ಒಳಗೆ ಕಾಲಿಡುವಂತಿಲ್ಲ.

*

ಆ ಶರತ್ಕಾಲದಲ್ಲಿ ಮೊದಲ ಪರೀಕ್ಷೆ ನಡೆಯಿತು. ಊರಾಚೆ ಗೆಳೆಯನೊಬ್ಬನ ಜಮೀನಿದೆ. ಹಿಂದೆ ಎತ್ತರವಾದ ಮಣ್ಣಿನ ದಿಬ್ಬ, ಮುಂದೆ ತಗಡಿನ ಚಪ್ಪರ. ಐವತ್ತು ಮೀಟರ್ ದೂರದಲ್ಲಿ ಕಾಗದದ ಗುರಿ. ಮೊಮ್ಮಗಳು ಹಿಂದೆ ನಿಂತು, ದುರ್ಬೀನಿನಲ್ಲಿ ನೋಡಿ, ಬಿದ್ದ ರಂಧ್ರಗಳನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು.

ಮೊದಲ ಐದು ಗುಂಡುಗಳು ಒಂದು ರೂಪಾಯಿಯ ನಾಣ್ಯ ಮುಚ್ಚುವಷ್ಟು ಹತ್ತಿರದಲ್ಲಿ ಬಿದ್ದವು. ಆರನೆಯದು ಗೇಣುದ್ದ ಆಚೆಗೆ ಹಾರಿತು. ಏಳನೆಯದು ಮತ್ತೆ ನಡುವಿಗೆ ಬಂದಿತು. ಎಂಟನೆಯದಕ್ಕೆ ಕೋವಿ ಮುಂದುವರಿಯಲೊಲ್ಲದೆ ಹೋಯಿತು. ಚಕ್ರದಿಂದ ಹೊರಟ ಗುಂಡು ನಳಿಗೆಯ ಬಾಯಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ವೃದ್ಧನು ಬೋಲ್ಟನ್ನು ಹಿಂದೆಳೆದು, ಚಕ್ರವನ್ನು ತೆಗೆದು, ಬೋಲ್ಟನ್ನು ಕೈಯಿಂದ ಬಲವಾಗಿ ಮುಂದೆ ನೂಕಿ ಮುಚ್ಚಿದನು. ಚಕ್ರ ಕೈಯಲ್ಲಿದೆ, ಆದ್ದರಿಂದ ಕೋವಿ ಖಾಲಿ ಎಂಬುದು ಅವನ ತರ್ಕ. ಕೋವಿಯನ್ನು ಪಕ್ಕಕ್ಕೆ ಹೊರಳಿಸಿಕೊಂಡು, ಬಿಗಿಹಿಡಿದ ಸ್ಪ್ರಿಂಗನ್ನು ಸಡಿಲಿಸಲೆಂದು ಕುದುರೆಯನ್ನು ಎಳೆದನು.

ಕೋವಿ ಸಿಡಿಯಿತು. ಚಪ್ಪರದ ಕಂಬಕ್ಕೆ ತೂಗುಹಾಕಿದ್ದ ತಗಡಿನ ಬಕೆಟ್ಟು ‘ಠಣ್’ ಎಂದು ತಿರುಗಿ ನಿಂತಿತು. ಕಂಬದಿಂದ ಮೂರೇ ಹೆಜ್ಜೆಯ ಆಚೆ ಮೊಮ್ಮಗಳು ಪುಸ್ತಕ ಹಿಡಿದು ನಿಂತಿದ್ದಳು.

ಅವಳಿಗೆ ಏನೂ ಆಗಲಿಲ್ಲ. ಅವಳು ಹೆದರಲೂ ಇಲ್ಲ, “ತಾತ, ಇದನ್ನೂ ಬರೆದುಕೊಳ್ಳಲೇ?” ಎಂದು ಕೇಳಿದಳು. ಉತ್ತರ ಬರಲಿಲ್ಲ. ವೃದ್ಧನು ಕೋವಿಯನ್ನು ಹಲಗೆಯ ಮೇಲಿಟ್ಟು, ಕುಕ್ಕರಿಸಿ, ಬಹಳ ಹೊತ್ತು ತನ್ನ ಕೈಗಳನ್ನೇ ನೋಡುತ್ತಿದ್ದನು.

ಆ ರಾತ್ರಿ ಆತ ತಾನಾಗಿ ಮಗಳಿಗೆ ಎಲ್ಲವನ್ನೂ ಹೇಳಿದನು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಕೆಟ್ಟಿನ ತೂತಿಗೆ ತುಕ್ಕು ಎಂಬ ಹೆಸರು ಸಾಕಾಗುತ್ತಿತ್ತು. ಮಗಳು ಎಷ್ಟೋ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಅಪ್ಪ, ನೀವೇ ಹೇಳಿದಿರಿ, ಅದರಿಂದ ನಿಮ್ಮ ಮೇಲಿನ ನಂಬಿಕೆ ಹೋಗಿಲ್ಲ. ಆದರೆ ನನಗೆ ಸಮಾಧಾನವಾಗುವ ತನಕ ಅವಳು ಆ ಚಪ್ಪರಕ್ಕೆ ಬರುವುದು ಬೇಡ” ಎಂದಳು. ಆತ ಒಪ್ಪಿದನು. ಕೋವಿಯ ಗಾಳಿಯನ್ನು ಹೊರಬಿಟ್ಟು, ಕಪಾಟಿನಲ್ಲಿಟ್ಟು ಬೀಗ ಹಾಕಿದನು. ಬೀಗದ ಕೈಯನ್ನು ಮಗಳಿಗೆ ಕೊಟ್ಟನು.

*

ಹಿಮ ಬೀಳುವ ತಿಂಗಳುಗಳಲ್ಲಿ ಓದುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಒಂದಾದ ಮೇಲೊಂದು ಗುಂಡನ್ನು ತಾನೇ ಒದಗಿಸುವ ಗಾಳಿಕೋವಿ ನಿನ್ನೆ ಮೊನ್ನೆಯದಲ್ಲವೆಂಬುದು ಆಗ ಅವನಿಗೆ ತಿಳಿಯಿತು. ಬಾರ್ತಲೋಮಿಯಸ್ ಗಿರಾರ್ಡೋನಿ ಎಂಬ ಕುಶಲಕರ್ಮಿ ರಚಿಸಿದ ಅಂಥ ಕೋವಿಯನ್ನು ಆಸ್ಟ್ರಿಯದ ಸೈನ್ಯ 1780ರ ಸುಮಾರಿಗೇ ಸೇವೆಗೆ ತೆಗೆದುಕೊಂಡಿತ್ತು. ಅದರ ಹಿಡಿಯೇ ಗಾಳಿಯ ಬುರುಡೆ. ಅದನ್ನು ತುಂಬಲು ಕೈಪಂಪನ್ನು ಸುಮಾರು 1500 ಸಲ ಒತ್ತಬೇಕಾಗಿತ್ತು. ನಳಿಗೆಯ ಪಕ್ಕದ ಕೊಳವೆಯಲ್ಲಿ ಸೀಸದ ಗುಂಡುಗಳ ಸಾಲು. ಕೋವಿಯ ತುದಿಯನ್ನು ಮೇಲಕ್ಕೆತ್ತಿ, ಅಡ್ಡಲಾಗಿರುವ ಉಕ್ಕಿನ ತುಂಡನ್ನು ಹೆಬ್ಬೆರಳಿನಿಂದ ಒತ್ತಿದರೆ ಒಂದೊಂದೇ ಗುಂಡು ತನ್ನ ಸ್ಥಾನಕ್ಕೆ ಬರುತ್ತಿತ್ತು. ಮದ್ದಿಲ್ಲ, ಹೊಗೆಯಿಲ್ಲ; ಉಳಿದ ಸೈನಿಕರು ಒಂದು ಗುಂಡನ್ನು ಗಜದಿಂದ ಜಡಿದು ತುಂಬುವಷ್ಟರಲ್ಲಿ ಈ ಕೋವಿ ಹಲವು ಸಲ ಹಾರಿಸುತ್ತಿತ್ತು.

ವೃದ್ಧನ ಕಣ್ಣನ್ನು ಹಿಡಿದು ನಿಲ್ಲಿಸಿದ್ದು 1788ರ ಒಂದು ಸೈನಿಕ ನಿಯಮ. ಪ್ರತಿ ಸೈನಿಕನೂ ಹೊರಬೇಕಾದ ಸಾಮಾನಿನ ಪಟ್ಟಿಯದು: ಮೂರು ಗಾಳಿಬುರುಡೆಗಳು, ಪಂಪು, ಸೀಸ ಕರಗಿಸುವ ಸೌಟು, 100 ಗುಂಡುಗಳು. ಅವುಗಳಲ್ಲಿ ಒಂದು ನಳಿಗೆಯಲ್ಲಿ, 19 ಕೊಳವೆಯಲ್ಲಿ, 80 ನಾಲ್ಕು ತಗಡಿನ ನಳಿಕೆಗಳಲ್ಲಿ. ಗಾಳಿ ಸೋರದಂತೆ ತೊಗಲಿನ ವಾಷರುಗಳನ್ನು ಸದಾ ತೇವವಾಗಿಡಬೇಕು. ಸೌಟು! ಅಂದಿನ ಅತ್ಯಾಧುನಿಕ ಆಯುಧದ ಜೊತೆಗೆ ಅಡುಗೆಮನೆಯ ತಂಗಿಯಂಥ ಒಂದು ಸೌಟು! ಗುಂಡು ತುಸು ದಪ್ಪವಾದರೆ ಕೊಳವೆಯಲ್ಲಿ ಕಚ್ಚಿಕೊಳ್ಳುವುದು, ತುಸು ಸಣ್ಣದಾದರೆ ಗಾಳಿ ಪಕ್ಕದಿಂದ ನುಸುಳಿ ವ್ಯರ್ಥವಾಗುವುದು. ಇಪ್ಪತ್ತು ಸಲ ಹಾರಿಸುವ ಜಾಣತನವೆಲ್ಲ, ಬೆಂಕಿಯ ಮುಂದೆ ಕುಳಿತು ಸೌಟು ಹಿಡಿದವನ ತಾಳ್ಮೆಯ ಮೇಲೆ ನಿಂತಿತ್ತು. ಆ ತಾಳ್ಮೆಯನ್ನೂ ತರಬೇತಿಯನ್ನೂ ದುರಸ್ತಿಯನ್ನೂ ಇಡೀ ಸೈನ್ಯಕ್ಕೆ ಒದಗಿಸುವುದು ಕಷ್ಟವಾಗಿ, 1815ರ ಹೊತ್ತಿಗೆ ಆ ಕೋವಿ ಸೇವೆಯಿಂದ ಮರೆಯಾಯಿತು.

ಅದಕ್ಕೆ ಮೊದಲೇ ಅಂಥದೊಂದು ಗಾಳಿಕೋವಿ ಸಮುದ್ರ ದಾಟಿ ವೃದ್ಧನ ಊರಿನ ಮುಂದೆಯೇ ಹಾದುಹೋಗಿತ್ತು. ಅಧ್ಯಕ್ಷ ಥಾಮಸ್ ಜೆಫರ್ಸನ್‌ರ ಅಪ್ಪಣೆಯಂತೆ ಖಂಡದ ಪಶ್ಚಿಮ ತೀರಕ್ಕೆ ದಾರಿ ಹುಡುಕಹೊರಟ ಮೆರಿವೆದರ್ ಲೂಯಿಸ್ ತನ್ನೊಡನೆ ಒಂದು ಗಾಳಿಕೋವಿಯನ್ನು ಕೊಂಡೊಯ್ದಿದ್ದನು. ಅದು ಗಿರಾರ್ಡೋನಿಯ ಬಗೆಯದೇ ಎಂದು ಅನೇಕ ತಜ್ಞರು ನಂಬುತ್ತಾರೆ. 1803ರ ಆಗಸ್ಟ್ ಕೊನೆಯಲ್ಲಿ ಆತ ಪಿಟ್ಸ್‌ಬರ್ಗ್ ಬಿಟ್ಟು ಮೂರು ಮೈಲಿಯಾಚೆಯ ಬ್ರೂನೋ ದ್ವೀಪದಲ್ಲಿ ದೋಣಿ ನಿಲ್ಲಿಸಿದನು. ಅಲ್ಲಿದ್ದವರು ಕೋವಿಯನ್ನು ತೋರಿಸೆಂದು ಕೇಳಿಕೊಂಡರು. ಲೂಯಿಸ್ 55 ಗಜ ದೂರಕ್ಕೆ ಏಳು ಸಲ ಹೊಡೆದು ತೋರಿಸಿದನು; ಗುರಿ ಸಾಕಷ್ಟು ಚೆನ್ನಾಗಿಯೇ ಕೂತಿತು. ಬಳಿಕ ಕೋವಿ ಬ್ಲೇಜ್ ಸೆನಾಸ್ ಎಂಬುವನ ಕೈಗೆ ಹೋಯಿತು. ಅದರ ರೀತಿ ತಿಳಿಯದ ಅವನ ಕೈಯಲ್ಲಿ ಅದು ತಾನಾಗಿ ಹಾರಿತು. ಸುಮಾರು 40 ಗಜ ದೂರದಲ್ಲಿದ್ದ ಹೆಂಗಸೊಬ್ಬಳ ಟೋಪಿಯನ್ನು ತೂರಿ ಗುಂಡು ಅವಳ ಕಣತಲೆಯನ್ನು ಸವರಿಕೊಂಡು ಹೋಯಿತು. ಅವಳು ಕುಸಿದಳು, ರಕ್ತ ಹರಿಯಿತು, ಸತ್ತಳೆಂದೇ ಎಲ್ಲರೂ ದಿಗಿಲುಗೊಂಡರು. ನಿಮಿಷದೊಳಗೆ ಅವಳು ಚೇತರಿಸಿಕೊಂಡಳು; ಗಾಯ ಪ್ರಾಣಾಂತಿಕವಾಗಿರಲಿಲ್ಲ.

ಲೂಯಿಸ್ ತನ್ನ ದಿನಚರಿಯಲ್ಲಿ ಆ ಗಾಯದ ಆಳವನ್ನು ಅಂಗುಲದಲ್ಲಿ ಅಳೆಯಲಿಲ್ಲ. ಗುಂಡಿನ ಅಡ್ಡಗಲದ ಕಾಲು ಭಾಗದಷ್ಟು ಎಂದು ಬರೆದನು. ವೃದ್ಧನು ಪೆನ್ಸಿಲ್ ತೆಗೆದು ಲೆಕ್ಕ ಹಾಕಿದನು. ಗಿರಾರ್ಡೋನಿಯ ಗುಂಡು ಹನ್ನೆರಡು ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಅದರ ಕಾಲು ಭಾಗವೆಂದರೆ ಮೂರು ಮಿಲಿಮೀಟರ್. ಒಂದು ಹೆಣ್ಣುಜೀವಕ್ಕೂ ಸಾವಿಗೂ ನಡುವೆ ಇದ್ದ ಅಂತರವನ್ನು ಅಂದು ಗುಂಡಿನಿಂದಲೇ ಅಳೆದಿದ್ದರು. ಕೋವಿ ಹಿಡಿದವನ ಹೆಸರು ಆ ಪುಟದಲ್ಲಿ ಉಳಿಯಿತು. ರಕ್ತ ಸುರಿಸಿದವಳು ಬರಿಯ ‘ಹೆಂಗಸೊಬ್ಬಳು’ ಆಗಿಯೇ ಉಳಿದಳು. ವೃದ್ಧನ ಮನಸ್ಸಿಗೆ ತಗಡಿನ ಬಕೆಟ್ಟೂ ಮೂರು ಹೆಜ್ಜೆಗಳೂ ನೆನಪಾದವು. ಆ ರಾತ್ರಿ ಆತ ಮುಂದೆ ಓದಲಿಲ್ಲ.

ಮರುದಿನ ಓದಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ನದಿಯ ಕೆಳಗಿನ ವ್ಹೀಲಿಂಗ್ ಊರಿನಲ್ಲಿ, ಥಾಮಸ್ ರಾಡ್ನಿ ಎಂಬುವನ ಮುಂದೆ ಲೂಯಿಸ್ ಅದೇ ಕೋವಿಗೆ 12 ಗುಂಡು ತುಂಬಿ ತೋರಿಸಹೊರಟಾಗ, ಮೊದಲ ಹೊಡೆತಕ್ಕೇ ಗಾಳಿಯೆಲ್ಲ ಸೋರಿಹೋಯಿತು. ಮತ್ತೆ ತುಂಬಿದರೆ ಎರಡು ಸಲ ಹಾರಿತು. ದೋಷವನ್ನು ಹುಡುಕಿ ಅಷ್ಟಿಷ್ಟು ಸರಿಪಡಿಸಿದ ಮೇಲೆ ಏಳು ಸಲ ಹಾರಿತು. 1805ರ ಜೂನ್‌ನಲ್ಲಿ ತಂಡದ ಕಮ್ಮಾರ ಜಾನ್ ಶೀಲ್ಡ್ಸ್ ಅದಕ್ಕೆ ಹೊಸ ಸ್ಪ್ರಿಂಗನ್ನು ಮಾಡಿ ಕೂಡಿಸಿದನು. ಅದೇ ಆಗಸ್ಟಿನಲ್ಲಿ ಅದರ ಗುರಿಮೊಳೆ ಸ್ಥಾನ ತಪ್ಪಿದಾಗ ಲೂಯಿಸ್ ಮತ್ತೆ ಹೊಂದಿಸಿ, ಹೊಡೆದು ನೋಡಿ, ಮೊದಲಿನಂತಾಯಿತೆಂದು ಬರೆದನು. ದಾರಿಯಲ್ಲಿ ಕಂಡ ಮೂಲನಿವಾಸಿಗಳಿಗೆ ಆ ಕೋವಿ ಮಾಯೆಯಾಗಿ ತೋರಿತು. ಅದನ್ನು ಹೊತ್ತವರಿಗೆ ಮಾತ್ರ ಅದು ದಿನವೂ ಆರೈಕೆ ಬೇಡುವ ಕೂಸಾಗಿತ್ತು.

*

ಹಿಮ ಕರಗುವ ಹೊತ್ತಿಗೆ ವೃದ್ಧನಿಗೆ ತನ್ನ ತಪ್ಪು ಎಲ್ಲಿತ್ತೆಂಬುದು ಸ್ಪಷ್ಟವಾಗಿತ್ತು. ಉಳಿದಿದ್ದ ಗುಂಡುಗಳನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದಾಗ, ಕೆಲವುಗಳ ಬುಡದ ಅಂಚಿನಲ್ಲಿ ಉಗುರಿನ ಸಿಬಿರಿನಂಥ ಸಿಪ್ಪೆ ಕಂಡಿತು. ಅಚ್ಚಿನ ಮೇಲುತಟ್ಟೆ ಸಡಿಲವಾಗಿ ಸೀಸವನ್ನು ಕತ್ತರಿಸುವ ಬದಲು ಹರಿದಿತ್ತು. ನಳಿಗೆಯನ್ನು ಕೊನೆಗೆ ಬಿಡುವುದು ಗುಂಡಿನ ಬುಡ; ಅಲ್ಲಿ ಕೊಂಕಿದ್ದರೆ ಗಾಳಿ ಒಂದೇ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ವಾಲಿಸುತ್ತದೆ. ಆರನೆಯದು ದಿಕ್ಕು ತಪ್ಪಿದ್ದೂ ಎಂಟನೆಯದು ಸಿಕ್ಕಿಕೊಂಡದ್ದೂ ಇದರಿಂದಲೇ.

ಹಳೆಯ ಕೋವಿಯಲ್ಲಾದರೆ ಈ ಸಿಪ್ಪೆ ತಪ್ಪಿಸಿಕೊಳ್ಳುತ್ತಿರಲಿಲ್ಲ. ಒಂದೊಂದು ಗುಂಡನ್ನೂ ಬೆರಳು ಮುಟ್ಟುತ್ತಿತ್ತು. ಬಿಗಿಯಾದರೆ ತಡೆಯುತ್ತಿತ್ತು, ಒರಟಾದರೆ ಆಚೆಗೆಸೆಯುತ್ತಿತ್ತು. ಹೊಸ ಕೋವಿ ಬೆರಳಿನ ಶ್ರಮವನ್ನು ಉಳಿಸಿತು. ಬೆರಳಿನ ವಿವೇಕವನ್ನು ಕಲಿಯಲಿಲ್ಲ. ಯಂತ್ರಕ್ಕೆ ಬಲವುಂಟು, ವೇಗವುಂಟು, ಸ್ಪರ್ಶವಿಲ್ಲ. ಒಳ್ಳೆಯ ಗುಂಡನ್ನೂ ಕೆಟ್ಟ ಗುಂಡನ್ನೂ ಅದು ಒಂದೇ ಶ್ರದ್ಧೆಯಿಂದ ನೂಕುತ್ತದೆ. ಮನುಷ್ಯ ಬೇಡವೆಂದುಕೊಂಡಾಗಲೂ ಮುಂದಿನದನ್ನು ಸಿದ್ಧವಾಗಿಟ್ಟಿರುತ್ತದೆ. ಆದುದರಿಂದ ಸ್ಪರ್ಶವೂ ಎಚ್ಚರವೂ ಗುಂಡು ಚಕ್ರವನ್ನು ಸೇರುವ ಮೊದಲೇ ಮುಗಿದಿರಬೇಕು. ಅದೇ ಉಳಿದ ಅರ್ಧ.

ಆದರೆ ಸ್ಪರ್ಶವೇ ಸತ್ತ ಬೆರಳುಗಳಿಂದ ಆ ಅರ್ಧವನ್ನು ಮಾಡುವುದೆಂತು?

ವಸಂತದ ರಜೆಗೆ ಬಂದ ಮೊಮ್ಮಗಳು ಗೆರೆಯಾಚೆ ನಿಂತು ಇದನ್ನೆಲ್ಲ ಕೇಳಿದಳು. “ನಿಮ್ಮ ಬೆರಳಿಗೆ ತಿಳಿಯದಿದ್ದರೆ ನನ್ನ ಬೆರಳಿಗೆ ತಿಳಿಯುತ್ತದೆ, ತಾತ. ನಾನು ಮುಟ್ಟಿ ಮುಟ್ಟಿ ಆರಿಸಿ ಕೊಡಲೇ?” ಎಂದಳು.

ಆ ಮಾತಿಗೆ ವೃದ್ಧನ ಮನಸ್ಸು ಕ್ಷಣಕಾಲ ಸೋತಿತು. ತನ್ನಿಂದ ಹೋದದ್ದು ಆ ಹತ್ತು ಪುಟ್ಟ ಬೆರಳುಗಳಲ್ಲಿ ಮರಳಿ ಬಂದು ಎದುರಿಗೆ ನಿಂತಿತ್ತು. ಕೈಚೀಲ ತೊಡಿಸಿದರಾಯಿತು, ಆಮೇಲೆ ಸಾಬೂನಿನಿಂದ ತೊಳೆಸಿದರಾಯಿತು, ಒಂದೇ ದಿನ ತಾನೇ ಎಂಬ ನೆಪಗಳೂ ಬಂದವು. ಕೈಚೀಲ ತೊಟ್ಟ ಬೆರಳಿಗೆ ಸಿಪ್ಪೆ ತಿಳಿಯದು. ತೊಡದ ಬೆರಳಿಗೆ ಸೀಸ ಅಂಟದೆ ಬಿಡದು. “ಬೇಡ ಮಗು. ಗೆರೆ ಗೆರೆಯೇ” ಎಂದನು. ಅವಳು ಮುಖ ಊದಿಸಿಕೊಂಡು ಒಳಗೆ ಹೋದಳು.

ಅಂದು ಸಂಜೆ ಆತ ಉಕ್ಕಿನ ಒಂದು ಪಟ್ಟಿಯನ್ನು ತೆಗೆದುಕೊಂಡು ಅದರಲ್ಲಿ ಎರಡು ರಂಧ್ರಗಳನ್ನು ಕೊರೆದನು. ಯಂತ್ರಶಾಲೆಯಲ್ಲಿ ಬದುಕಿನುದ್ದಕ್ಕೂ ಮಾಡಿದ ಕೆಲಸವೇ ಅದು. ಸರಿಯಾದ ಗುಂಡು ಮೊದಲ ರಂಧ್ರದಲ್ಲಿ ತನ್ನ ಭಾರದಿಂದಲೇ ಇಳಿಯಬೇಕು. ಕೂದಲಷ್ಟು ಕಿರಿದಾದ ಎರಡನೆಯದರಲ್ಲಿ ಇಳಿಯದೆ ನಿಲ್ಲಬೇಕು. ಸಿಪ್ಪೆಯಿದ್ದರೆ ಮೊದಲನೆಯದರಲ್ಲಿಯೇ ಸಿಕ್ಕಿಕೊಳ್ಳುವುದು; ಸೊರಗಿದ್ದರೆ ಎರಡನ್ನೂ ದಾಟಿಬಿಡುವುದು. ಬೆರಳು ಬೇಕಿಲ್ಲ. ಪಟ್ಟಿಯ ಕೆಳಗೆ, ಒಂದೊಂದು ರಂಧ್ರಕ್ಕೂ ಒಂದೊಂದು ತಗಡಿನ ತಟ್ಟೆ ಇಟ್ಟನು.

ಮರುದಿನ ಅಚ್ಚಿನ ತಟ್ಟೆಯನ್ನು ಬಿಗಿಮಾಡಿ ಹೊಸದಾಗಿ ನೂರು ಗುಂಡು ಎರೆದನು. ಅವು ಆರಿದ ಮೇಲೆ ಚಿಮಟದಿಂದ ಒಂದೊಂದನ್ನೇ ಪಟ್ಟಿಗೆ ಇಳಿಬಿಟ್ಟನು. ‘ಟಿಣ್’ ಎಂದಿತು. ಮತ್ತೆ ‘ಟಿಣ್’. ಮೂರನೆಯದಕ್ಕೆ ಸದ್ದಿಲ್ಲ.

“ಅದು ಸಿಕ್ಕಿಕೊಂಡಿತು” ಎಂದು ಹೊರಗಿನಿಂದ ದನಿ ಬಂದಿತು. ಮೊಮ್ಮಗಳು ಗೆರೆಯಾಚೆಯ ಸ್ಟೂಲಿನ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಪುಸ್ತಕವಿತ್ತು. ಅವಳಿಗೆ ಗುಂಡು ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು. ವೃದ್ಧನು ಮಾತಾಡದೆ ನಾಲ್ಕನೆಯದನ್ನು ಇಳಿಬಿಟ್ಟನು. ಸದ್ದಾಯಿತು, ಅವಳು ಗೆರೆ ಎಳೆದಳು. ಎರಡನೆಯ ತಟ್ಟೆ ಚಿಕ್ಕದು, ಅದರ ಸದ್ದು ಸಣ್ಣಗೆ. ಅದು ಕೇಳಿದರೆ ಎಳೆದ ಗೆರೆಯನ್ನು ಹೊಡೆದುಹಾಕಬೇಕೆಂದು ತಾನೇ ಕಂಡುಕೊಂಡಳು. ನೂರು ಮುಗಿದಾಗ ಪುಸ್ತಕದಲ್ಲಿ 61 ಉಳಿದಿದ್ದವು. ವೃದ್ಧನು ಅವುಗಳನ್ನು ಅಕ್ಕಸಾಲಿಗನಂತೆ ತೂಗಿದನು. ಒಂದು ಗುಂಡಿನ ತೂಕ 1.6 ಗ್ರಾಂ, ನೂರನೆಯ ಎರಡು ಭಾಗದಷ್ಟು ಹಗುರವಾದರೂ ಒಳಗೆಲ್ಲೋ ಪೊಳ್ಳು ಇದೆಯೆಂದೇ ಅರ್ಥ. ಕೊನೆಗೆ ಉಳಿದವು 44. ಮಿಕ್ಕವೆಲ್ಲ ಮೂಸೆಗೆ ಮರಳಿದವು.

*

ಮುಂದಿನ ಭಾನುವಾರ ಮಗಳು ಬೀಗದ ಕೈಯನ್ನು ತಂದಳು. “ನಾನೂ ಬರುತ್ತೇನೆ, ಹೇಗೆ ಮಾಡುತ್ತೀರೋ ನೋಡಬೇಕು” ಎಂದಳು. ಚಪ್ಪರದಲ್ಲಿ ಮೊಮ್ಮಗಳು ತಾಯಿಯ ಪಕ್ಕದಲ್ಲಿ, ವೃದ್ಧನ ಬೆನ್ನ ಹಿಂದೆ ನಿಂತಳು. ಕೋವಿಯ ತುದಿ ಮೊದಲಿನಿಂದ ಕೊನೆಯವರೆಗೂ ಮಣ್ಣಿನ ದಿಬ್ಬವನ್ನು ಬಿಟ್ಟು ಬೇರೆಲ್ಲಿಗೂ ತಿರುಗಲಿಲ್ಲ.

ಐವತ್ತು ಮೀಟರೆಂದರೆ ಲೂಯಿಸ್ ಹೊಡೆದ 55 ಗಜಗಳೇ. ವೃದ್ಧನು ಏಳೇ ಗುಂಡು ತುಂಬಿದನು. ಒಂದೊಂದಾಗಿ ಏಳೂ ಹೋದವು. ಯಾವುದೂ ಸಿಕ್ಕಿಕೊಳ್ಳಲಿಲ್ಲ, ಯಾವುದೂ ಹಾದಿ ಬಿಡಲಿಲ್ಲ. ಮೊಮ್ಮಗಳು ದುರ್ಬೀನಿನಲ್ಲಿ ನೋಡಿ, “ಏಳು ತೂತು ಎಲ್ಲಿವೆ ತಾತ? ಒಂದೇ ದೊಡ್ಡದಿದೆ!” ಎಂದು ಕೂಗಿದಳು.

ವೃದ್ಧನು ಗುರಿಯ ಕಡೆ ನೋಡಲಿಲ್ಲ. ಮೊದಲು ಚಕ್ರವನ್ನು ತೆಗೆದು ಹಲಗೆಯ ಮೇಲಿಟ್ಟನು. ಬೋಲ್ಟನ್ನು ಹಿಂದೆಳೆದು ನಿಲ್ಲಿಸಿ, ನಳಿಗೆಯ ಬಾಯನ್ನು ಕಣ್ಣಿನಿಂದ ಪರೀಕ್ಷಿಸಿದನು. ತೆಳುವಾದ ಹಿತ್ತಾಳೆಯ ಕಡ್ಡಿಯನ್ನು ಅಲ್ಲಿಂದ ತೂರಿಸಿ, ಅದು ತಡೆಯಿಲ್ಲದೆ ಆಚೆಯ ತುದಿಯಲ್ಲಿ ಹೊರಬಂದದ್ದನ್ನು ನೋಡಿಕೊಂಡನು. ಅಷ್ಟಾದರೂ ಕೋವಿಯನ್ನು ಕೆಳಗಿಡಲಿಲ್ಲ. ಮಗಳ ಕಡೆ ತಿರುಗಿ, “ನೀನೂ ನೋಡು” ಎಂದನು.

ಮಗಳು ಬಗ್ಗಿ ನೋಡಿದಳು. “ಖಾಲಿಯಿದೆ, ಅಪ್ಪ” ಎಂದಳು. ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು. ಅದರ ತಣ್ಪು ಅವನ ಬೆರಳಿಗೆ ತಿಳಿದಿರಲಾರದು. ಆದರೂ ಆತ ಬಹಳ ಹೊತ್ತು ಮುಷ್ಟಿ ಬಿಡಿಸಲಿಲ್ಲ.

ಚಪ್ಪರದ ಕಂಬದಲ್ಲಿ ಆ ತಗಡಿನ ಬಕೆಟ್ಟು ಇಂದಿಗೂ ತೂಗುತ್ತಿದೆ. ಬೆಸುಗೆ ಹಾಕಿ ತೂತನ್ನು ಮುಚ್ಚುವುದು ವೃದ್ಧನಿಗೆ ಐದು ನಿಮಿಷದ ಕೆಲಸ. ಆತ ಮುಚ್ಚಿಲ್ಲ. ಮಳೆ ಬಂದಾಗ ಅದರಲ್ಲಿ ನಿಂತ ನೀರು ಒಂದೊಂದೇ ಹನಿಯಾಗಿ, ಎಣಿಸುವಂತೆ, ಕೆಳಗೆ ಬೀಳುತ್ತಿರುತ್ತದೆ.